ಬಟನ್ ಗೇರಿನ ಹಳೆಯ ಕಾರು, ಕೈಗೆ ತಿಳಿಯದ ಹೊಸ ಲಿವರ್

ಹಳೆಯ ಅಮೆರಿಕನ್ ಕಾರುಗಳ ವಿಷಯ ಎತ್ತಿದರೆ ಒಂದು ಮಾತು ತಪ್ಪದೆ ಕೇಳಿಬರುತ್ತದೆ: 1950ರ ದಶಕದಲ್ಲಿ ಗೇರ್ ಲಿವರಿನ ಜಾಗದಲ್ಲಿ ಬಟನ್‌ಗಳಿದ್ದ ಆಟೊಮ್ಯಾಟಿಕ್ ಕಾರುಗಳು ಬಂದಿದ್ದವು, ಅವು ಅಪಾಯಕಾರಿಯೆಂದು ಗೊತ್ತಾದ ಮೇಲೆ ಸರ್ಕಾರ ಅವನ್ನು ನಿಷೇಧಿಸಿತು. ಈ ಮಾತಿನ ಮೊದಲರ್ಧ ನಿಜ, ಉಳಿದರ್ಧ ನಿಜವಲ್ಲ. ಬಟನ್ ಗೇರನ್ನು ನಿಷೇಧಿಸುವ ಕಾನೂನು ಅಮೆರಿಕದಲ್ಲಿ ಬರಲೇ ಇಲ್ಲ. ಬಂದಿದ್ದರೆ ಹೋಂಡಾ, ಹ್ಯುಂಡೈ, ಜನರಲ್ ಮೋಟಾರ್ಸ್‌ನಂಥ ಕಂಪನಿಗಳು ಇತ್ತೀಚಿನ ವರ್ಷಗಳಲ್ಲಿ ಅದೇ ದೇಶದಲ್ಲಿ ಮತ್ತೆ ಬಟನ್ ಗೇರಿನ ಕಾರುಗಳನ್ನು ಮಾರುತ್ತಿರಲಿಲ್ಲ. ಆದರೂ ಈ ಕಥೆ ಅರವತ್ತು ವರ್ಷ ಬಾಳಿದೆ. ಬಟನ್ ಎಂದರೆ ಅಪಾಯ, ಲಿವರ್ ಎಂದರೆ ಸುರಕ್ಷಿತ ಎಂಬ ಸುಲಭ ಲೆಕ್ಕ ಅದರ ಬೆನ್ನಿಗಿರುವುದೇ ಇದಕ್ಕೆ ಕಾರಣ. ಆ ಲೆಕ್ಕ ಎಷ್ಟು ಸರಿ ಎಂದು ನೋಡಲು ಮೊದಲು ಆ ಬಟನ್‌ಗಳ ಹಿಂದೆ ಏನಿತ್ತು ಎಂಬುದನ್ನು ತಿಳಿಯಬೇಕು, ಏಕೆಂದರೆ ಮೇಲ್ನೋಟಕ್ಕೆ ಒಂದೇ ರೀತಿ ಕಾಣುತ್ತಿದ್ದ ಬಟನ್‌ಗಳ ಹಿಂದೆ ಪೂರ್ತಿ ಬೇರೆ ಬೇರೆ ಯಂತ್ರಗಳಿದ್ದವು.

ಹಳೆಯ ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಚಾಲಕ ನೇರವಾಗಿ ಗೇರ್ ಹಾಕುವುದಿಲ್ಲ. ಒತ್ತಡದಲ್ಲಿರುವ ಎಣ್ಣೆ ಯಾವ ಕಾಲುವೆಗೆ ಹರಿಯಬೇಕು ಎಂಬುದನ್ನು ತೀರ್ಮಾನಿಸುವ ಸಣ್ಣ ವಾಲ್ವೊಂದು ಗೇರ್‌ಬಾಕ್ಸಿನೊಳಗೆ ಇರುತ್ತದೆ. ಚಾಲಕ ಸರಿಸುವುದು ಅದನ್ನು ಮಾತ್ರ. ಆ ವಾಲ್ವ್ ಸ್ವಲ್ಪ ಹಿಂದೆಮುಂದೆ ಜರುಗಿದರೆ ಸಾಕು, ಕಾರು ಮುಂದಕ್ಕೋ ಹಿಂದಕ್ಕೋ ಹೊರಡಲು ಸಿದ್ಧವಾಗುತ್ತದೆ. ಅಂದರೆ ಅಷ್ಟುದ್ದದ ಲಿವರ್ ಬೇಕಾಗಿದ್ದದ್ದು ಯಂತ್ರಕ್ಕಲ್ಲ, ಮನುಷ್ಯನ ಅಭ್ಯಾಸಕ್ಕೆ. ಇದನ್ನು ಕ್ರೈಸ್ಲರ್ ಕಂಪನಿಯ ಎಂಜಿನಿಯರುಗಳು ಚೆನ್ನಾಗಿ ಅರಿತಿದ್ದರು. 1955ರ ಮಾದರಿಯಲ್ಲಿ ಅವರು ಡ್ಯಾಶ್‌ಬೋರ್ಡಿನಿಂದ ಹೊರಚಾಚಿದ ಪುಟ್ಟ ಕಡ್ಡಿಯಂಥ ಲಿವರ್ ಇಟ್ಟರು. 1956ರ ಮಾದರಿಯಲ್ಲಿ ಅದನ್ನೂ ತೆಗೆದು, ಸ್ಟೇರಿಂಗಿನ ಎಡಕ್ಕೆ ಡ್ಯಾಶ್‌ಬೋರ್ಡಿನಲ್ಲಿ ಬಟನ್‌ಗಳನ್ನು ಕೂರಿಸಿದರು. ಬಟನ್ ಒತ್ತಿದರೆ ಒಳಗಿನ ತಗಡೊಂದು ಜರುಗಿ, ಅದಕ್ಕೆ ಕಟ್ಟಿದ ಉಕ್ಕಿನ ಕೇಬಲ್ ಗೇರ್‌ಬಾಕ್ಸಿನವರೆಗೆ ಹೋಗಿ ವಾಲ್ವನ್ನು ಎಳೆಯುತ್ತಿತ್ತು ಅಥವಾ ತಳ್ಳುತ್ತಿತ್ತು. ಸೈಕಲ್ಲಿನ ಬ್ರೇಕ್ ಕೇಬಲ್ ನೋಡಿದವರಿಗೆ ಇದರಲ್ಲಿ ಹೊಸತೇನೂ ಇಲ್ಲ. ವಿದ್ಯುತ್ತಿನ ಮೋಟಾರಿಲ್ಲ, ರಿಲೇ ಇಲ್ಲ. ಬ್ಯಾಟರಿ ಪೂರ್ತಿ ಇಳಿದಿದ್ದರೂ ಬಟನ್ ಒತ್ತಿ ಕಾರನ್ನು ನ್ಯೂಟ್ರಲ್‌ಗೆ ತಂದು ತಳ್ಳಬಹುದಾಗಿತ್ತು.

ಮೂರು ವೇಗದ ಟಾರ್ಕ್‌ಫ್ಲೈಟ್ ಗೇರ್‌ಬಾಕ್ಸ್ ಬಂದ ಮೇಲೆ ಬಟನ್‌ಗಳು ಐದಾದವು: ಆರ್ (ರಿವರ್ಸ್), ಎನ್ (ನ್ಯೂಟ್ರಲ್), ಡಿ (ಡ್ರೈವ್, ಅಂದರೆ ಮುಂದಕ್ಕೆ), 2 ಮತ್ತು 1 (ಕೆಳಗಿನ ಗೇರುಗಳು). ಕಾರು ವೇಗವಾಗಿ ಓಡುತ್ತಿರುವಾಗ ಯಾರಾದರೂ ಆಕಸ್ಮಿಕವಾಗಿ ರಿವರ್ಸ್ ಬಟನ್ ಒತ್ತಿದರೆ ಏನು ಗತಿ ಎಂಬುದು ಆಗ ಎಲ್ಲರೂ ಕೇಳುತ್ತಿದ್ದ ಪ್ರಶ್ನೆ. ಅದಕ್ಕೂ ಉತ್ತರ ಎಣ್ಣೆಯ ಒತ್ತಡದಲ್ಲೇ ಇತ್ತು. ಕಾರಿನ ವೇಗಕ್ಕೆ ತಕ್ಕಂತೆ ಏರುವ ಒತ್ತಡ ಒಂದು ತಡೆ ವಾಲ್ವನ್ನು ಮುಚ್ಚಿಟ್ಟುಕೊಂಡಿರುತ್ತಿದ್ದುದರಿಂದ, ಓಟದಲ್ಲಿ ಆರ್ ಒತ್ತಿದರೆ ಗೇರ್‌ಬಾಕ್ಸ್ ರಿವರ್ಸಿಗೆ ಹೋಗದೆ ಸುಮ್ಮನೆ ನ್ಯೂಟ್ರಲ್‌ನಲ್ಲಿ ನಿಲ್ಲುತ್ತಿತ್ತು. ಅದೇ ರೀತಿ, ವೇಗದಲ್ಲಿರುವಾಗ 1ನ್ನು ಒತ್ತಿದರೂ ವೇಗ ತಗ್ಗುವವರೆಗೆ ಮೊದಲ ಗೇರ್ ಬೀಳುತ್ತಿರಲಿಲ್ಲ. ಬಟನ್‌ಗಳನ್ನು ಚಾಲಕನ ಎಡಗೈ ಬದಿಗೆ, ಅಂದರೆ ಬಾಗಿಲ ಪಕ್ಕಕ್ಕೆ ಇಟ್ಟದ್ದಕ್ಕೂ ಒಂದು ಪ್ರಯೋಜನವಿತ್ತು. ಮುಂದಿನ ಸೀಟಿನಲ್ಲಿ ಕುಳಿತ ಮಗುವಿನ ಕೈಗೆ ಅವು ನಿಲುಕುತ್ತಿರಲಿಲ್ಲ. ಸ್ಟೇರಿಂಗ್ ಕಂಬದ ಲಿವರಿಗಾದರೆ ಮಗುವಿನ ಕೈ ಸುಲಭವಾಗಿ ಹೋಗುತ್ತಿತ್ತು.

ಕೆಲವು ವರ್ಷಗಳ ಹಿಂದೆ ಮಿಷಿಗನ್‌ನಲ್ಲಿ ನೆಂಟರ ಮನೆಗೆ ಹೋಗಿದ್ದಾಗ, ಊರಿನ ಮೈದಾನದಲ್ಲಿ ಭಾನುವಾರ ಬೆಳಿಗ್ಗೆ ನಡೆಯುತ್ತಿದ್ದ ಹಳೆಯ ಕಾರುಗಳ ಕೂಟದಲ್ಲಿ 1950ರ ದಶಕದ ಕೊನೆಯ, ಕ್ರೈಸ್ಲರ್ ಕಂಪನಿಯದೇ ಆದ ಒಂದು ಪ್ಲಿಮತ್ ಕಾರು ನನಗೆ ಸಿಕ್ಕಿತು. ಅದರ ಒಡೆಯರಾದ ಹಿರಿಯರು ಎಂಜಿನ್ ಆರಿಸಿಯೇ ಇರಲಿ ಎಂದು ಹೇಳಿ ನನ್ನನ್ನು ಚಾಲಕನ ಸೀಟಿನಲ್ಲಿ ಕೂರಿಸಿದರು. ಡಿ ಒತ್ತಿದೆ. ಬಟನ್ ಬೆರಳಿಗೆ ಸಾಕಷ್ಟು ಗಟ್ಟಿಯಾಗಿ ಎದುರು ಕೊಟ್ಟು, ಟಕ್ಕೆಂದು ಒಳಗೆ ಕೂತಿತು. ಅದೇ ಕ್ಷಣ ಎನ್ ಬಟನ್ ಹೊರಗೆ ಜಿಗಿಯಿತು. ಹಳೆಯ ವಾಲ್ವ್ ರೇಡಿಯೊದಲ್ಲಿ ಒಂದು ಸ್ಟೇಷನ್ನಿನ ಗುಂಡಿ ಒತ್ತಿದರೆ ಇನ್ನೊಂದು ಏಳುತ್ತಿದ್ದ ಹಾಗೆ. ಕಣ್ಣು ಮುಚ್ಚಿ ಹೆಬ್ಬೆರಳನ್ನು ಸಾಲಿನ ಮೇಲೆ ಓಡಿಸಿದೆ. ಯಾವುದು ಒಳಗಿದೆ ಎಂಬುದು ಬೆರಳಿಗೆ ತಾನಾಗಿ ಗೊತ್ತಾಯಿತು. ಒತ್ತಿದ ಬಟನ್ ಒತ್ತಿದಂತೆಯೇ ಇರುವುದು ತೀರ ಸಣ್ಣ ಸಂಗತಿಯೆಂದು ಆಗ ಅನಿಸಿತ್ತು. ಅದು ಸಣ್ಣದಲ್ಲ ಎಂಬುದು ಹೊಳೆದದ್ದು ಅದೇ ಸಂಜೆ, ಬಾಡಿಗೆಗೆ ತಂದಿದ್ದ ಹೊಸ ಕಾರನ್ನು ಕತ್ತಲಲ್ಲಿ ನಿಲ್ಲಿಸುವಾಗ. ಅದರ ಲಿವರ್ ಮುಂದೂಡಿದರೂ ಹಿಂದೂಡಿದರೂ ಮತ್ತೆ ನಡುವಿನ ಜಾಗಕ್ಕೇ ಮರಳುತ್ತಿದ್ದುದರಿಂದ, ಕಾರು ಯಾವ ಸ್ಥಿತಿಯಲ್ಲಿದೆ ಎಂದು ತಿಳಿಯಲು ಪ್ರತಿ ಸಲವೂ ಮೀಟರ್ ಫಲಕದ ಪುಟ್ಟ ಅಕ್ಷರವನ್ನು ಹುಡುಕಬೇಕಾಗಿತ್ತು.

ಹಾಗಾದರೆ ಕ್ರೈಸ್ಲರ್ ಬಟನ್‌ಗಳಲ್ಲಿ ದೋಷವೇ ಇರಲಿಲ್ಲವೇ? ಇತ್ತು, ಮತ್ತು ಅದು ದೊಡ್ಡದೇ. ಮೊದಲ ವರ್ಷಗಳ ಬಟನ್ ಸಾಲಿನಲ್ಲಿ ಪಿ ಅಕ್ಷರವೇ ಇರಲಿಲ್ಲ, ಏಕೆಂದರೆ ಗೇರ್‌ಬಾಕ್ಸಿನಲ್ಲಿ ಪಾರ್ಕ್ ವ್ಯವಸ್ಥೆಯೇ ಇರಲಿಲ್ಲ. ಪಾರ್ಕ್ ಎಂದರೆ ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟಿನ ಮೇಲೆ ಹಲ್ಲುಗಳಿರುವ ಒಂದು ಚಕ್ರ, ಆ ಹಲ್ಲುಗಳ ನಡುವೆ ಬಿದ್ದು ಚಕ್ರ ತಿರುಗದಂತೆ ಹಿಡಿಯುವ ಒಂದು ಕೊಕ್ಕೆ; ಬಾವಿಯ ರಾಟೆ ಹಿಂದಕ್ಕೆ ಸುತ್ತದಂತೆ ಅಡ್ಡ ಕೊಡುವ ಮರದ ತುಂಡಿನ ಕೆಲಸವನ್ನೇ ಅದು ಮಾಡುತ್ತದೆ. ಆ ಕೊಕ್ಕೆ ಇಲ್ಲದ ಕ್ರೈಸ್ಲರ್ ಕಾರುಗಳಲ್ಲಿ ಗಾಡಿ ನಿಲ್ಲಿಸಿ ಇಳಿಯಬೇಕಾದರೆ ಎನ್ ಒತ್ತಿ ಹ್ಯಾಂಡ್ ಬ್ರೇಕ್ ಎಳೆಯಬೇಕಿತ್ತು. ಹ್ಯಾಂಡ್ ಬ್ರೇಕೂ ಚಕ್ರಗಳ ಮೇಲಲ್ಲ, ಗೇರ್‌ಬಾಕ್ಸಿನ ಹಿಂಬದಿಯಲ್ಲಿ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುವ ಒಂದೇ ಡ್ರಮ್ಮಿನ ಮೇಲೆ ಕೆಲಸ ಮಾಡುತ್ತಿತ್ತು. ಎಳೆಯುವುದು ಮರೆತರೆ, ಅಥವಾ ಆ ಡ್ರಮ್ಮಿಗೆ ಎಣ್ಣೆ ಸೋರಿ ಹಿಡಿತ ತಪ್ಪಿದರೆ, ಇಳಿಜಾರಿನಲ್ಲಿ ಕಾರನ್ನು ತಡೆಯಲು ಬೇರೇನೂ ಉಳಿಯುತ್ತಿರಲಿಲ್ಲ. 1960ರ ದಶಕದ ಮೊದಲ ವರ್ಷಗಳಲ್ಲಿ ಬಟನ್‌ಗಳ ಪಕ್ಕದಲ್ಲಿ ಪಾರ್ಕಿಗೆಂದೇ ಪ್ರತ್ಯೇಕವಾದ ಪುಟ್ಟ ಲಿವರ್ ಬಂದಾಗ ಈ ಕೊರತೆ ನೀಗಿತು. ಕ್ರೈಸ್ಲರಿನ ಪ್ರತಿಸ್ಪರ್ಧಿಗಳಲ್ಲೂ ಮೊದಲಿನಿಂದ ಪಾರ್ಕ್ ಇತ್ತು ಎಂದೇನಲ್ಲ: ಜನರಲ್ ಮೋಟಾರ್ಸ್‌ನ ಹೈಡ್ರಾಮ್ಯಾಟಿಕ್ ಎಂಬ ಆಟೊಮ್ಯಾಟಿಕ್ ಗೇರಿನ ಮೊದಮೊದಲ ಕಾರುಗಳನ್ನು ಎಂಜಿನ್ ಆರಿಸಿ ರಿವರ್ಸಿನಲ್ಲಿ ಬಿಟ್ಟು ಹೋಗುವುದೇ ಕ್ರಮವಾಗಿತ್ತು.

ಬಟನ್ ಗೇರಿಗೆ ಕೆಟ್ಟ ಹೆಸರು ಬಂದದ್ದು ಹೆಚ್ಚಾಗಿ ಬೇರೆ ಇಬ್ಬರಿಂದ. ಪ್ಯಾಕಾರ್ಡ್ ಕಂಪನಿ 1956ರಲ್ಲಿ ಸ್ಟೇರಿಂಗ್ ಕಂಬದಿಂದ ಚಾಚಿದ ಪೆಟ್ಟಿಗೆಯೊಂದರಲ್ಲಿ ಬಟನ್‌ಗಳನ್ನಿಟ್ಟು, ಕೇಬಲ್ ಬದಲು ವಿದ್ಯುತ್ ಮೋಟಾರಿನಿಂದ ಗೇರ್ ಬದಲಾಗುವಂತೆ ಮಾಡಿತು. ಫೋರ್ಡ್ ಕಂಪನಿಯ ಎಡ್ಸೆಲ್ 1958ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸ್ಟೇರಿಂಗ್ ಚಕ್ರದ ನಟ್ಟನಡುವೆಯೇ ಬಟನ್‌ಗಳನ್ನು ಜೋಡಿಸಿತು. ಚಕ್ರ ತಿರುಗಿದರೂ ಬಟನ್‌ಗಳು ನೆಟ್ಟಗೆ ನಿಲ್ಲುವಂತೆ ಒಳಗೆ ಹಲ್ಲುಗಾಲಿಗಳ ವ್ಯವಸ್ಥೆಯಿತ್ತು. ಟೆಲಿಟಚ್ ಎಂಬ ಹೆಸರಿನ ಈ ಏರ್ಪಾಡು ನೋಡಲು ಬಹಳ ಚೆಂದ. ಆದರೆ ಆ ಕಾಲದ ಚಾಲಕರ ಕೈ ಹಾರ್ನ್ ಹುಡುಕುತ್ತಿದ್ದದ್ದೂ ಚಕ್ರದ ನಡುವಿನಲ್ಲೇ. ಎದುರಿಗೆ ಅಡ್ಡ ಬಂದವರನ್ನು ಕಂಡು ಗಾಬರಿಯಿಂದ ಹಾರ್ನ್ ಒತ್ತಲು ಹೋದ ಅಂಗೈ ಗೇರ್ ಬಟನ್ನಿನ ಮೇಲೆ ಬೀಳುತ್ತಿತ್ತು. ಅಂಗೈ ಬಡಿದರೆ ಗೇರ್ ಬದಲಾಗುವ ಜಾಗದಲ್ಲಿ ಗೇರ್ ಬಟನ್ ಇಟ್ಟವರ ವಿವೇಚನೆ ಎಂಥದ್ದೋ ಎಂದು ಈಗ ಕೇಳುವುದು ಸುಲಭ, ಆದರೆ ಅದೇ ಬಗೆಯ ತಪ್ಪು 2015ರ ಮಾದರಿಯೊಂದರಲ್ಲೂ ನಡೆದದ್ದನ್ನು ಮುಂದೆ ನೋಡಲಿದ್ದೇವೆ.

ಪ್ಯಾಕಾರ್ಡ್ ಮತ್ತು ಎಡ್ಸೆಲ್ ಎರಡರದೂ ಇನ್ನೊಂದು ಸಮಾನ ಕಷ್ಟವೆಂದರೆ ಇಳಿಜಾರು. ಹ್ಯಾಂಡ್ ಬ್ರೇಕ್ ಎಳೆಯದೆ ಬರೀ ಪಾರ್ಕಿನಲ್ಲಿ ಕಾರನ್ನು ಇಳಿಜಾರಿನಲ್ಲಿ ನಿಲ್ಲಿಸಿದರೆ ಅದರ ಇಡೀ ಭಾರ ಆ ಪುಟ್ಟ ಕೊಕ್ಕೆಯ ಮೇಲೆ ಕೂರುತ್ತದೆ, ಕೊಕ್ಕೆ ಹಲ್ಲುಗಳ ನಡುವೆ ಬಿಗಿದುಕೊಳ್ಳುತ್ತದೆ. ಲಿವರಿನ ಕಾರಾದರೆ ಚಾಲಕ ತೋಳಿನ ಬಲ ಹಾಕಿ ಜಗ್ಗಿ ಬಿಡಿಸುತ್ತಾನೆ. ಈಗಿನ ಆಟೊಮ್ಯಾಟಿಕ್ ಕಾರುಗಳಲ್ಲೂ ಇಳಿಜಾರಿನಲ್ಲಿ ಪಿಯಿಂದ ಹೊರತೆಗೆಯುವಾಗ ಢಬ್ಬೆಂಬ ಸದ್ದು ಕೇಳಿದವರಿಗೆ ಆ ಬಿಗಿತದ ಅನುಭವವಿದೆ. ಆದರೆ ಈ ಎರಡೂ ಕಾರುಗಳಲ್ಲಿ ಗೇರ್ ಬದಲಿಸುತ್ತಿದ್ದ ಮೋಟಾರಿಗಿದ್ದ ಬಲ ಅಷ್ಟಕ್ಕಷ್ಟೇ. ಅದು ಗೊಣಗುಟ್ಟಿ ಸೋಲುತ್ತಿತ್ತು, ಕಾರು ಪಾರ್ಕಿನಲ್ಲೇ ಸಿಕ್ಕಿಬೀಳುತ್ತಿತ್ತು. ಮೊದಲು ಹ್ಯಾಂಡ್ ಬ್ರೇಕ್ ಎಳೆದು ಆಮೇಲೆ ಪಾರ್ಕಿಗೆ ಹಾಕಿ ಎಂಬುದೇ ಇದಕ್ಕೆ ಪರಿಹಾರವಾಗಿತ್ತು, ಮತ್ತು ಆ ಕ್ರಮ ಇಂದಿನ ಯಾವುದೇ ಆಟೊಮ್ಯಾಟಿಕ್ ಕಾರಿಗೂ ಸರಿಯಾದದ್ದೇ. ಟೆಲಿಟಚ್ ಒಂದೇ ವರ್ಷಕ್ಕೆ ಮುಗಿಯಿತು. ಪ್ಯಾಕಾರ್ಡಿನದೂ ಹೆಚ್ಚು ಬಾಳಲಿಲ್ಲ. ಕೇಬಲ್ ನಂಬಿದ ಕ್ರೈಸ್ಲರ್ ಮಾತ್ರ 1964ರ ಮಾದರಿಯವರೆಗೆ ಬಟನ್ ಮುಂದುವರಿಸಿತು.

1965ರ ಮಾದರಿಗಳಲ್ಲಿ ಕ್ರೈಸ್ಲರ್ ಕೂಡ ಲಿವರಿಗೆ ಮರಳಿತು. ಈ ತಾರೀಖಿನ ಸುತ್ತಲೇ ನಿಷೇಧದ ಕಥೆ ಹುಟ್ಟಿಕೊಂಡದ್ದು. ನಿಜವಾಗಿ ನಡೆದ ಕ್ರಮ ಹೀಗಿದೆ. ಸರ್ಕಾರಿ ಇಲಾಖೆಗಳು ಕೊಳ್ಳುವ ಕಾರುಗಳಿಗೆ ಸುರಕ್ಷತಾ ಮಾನದಂಡ ಇರಬೇಕೆಂಬ ಕಾನೂನು 1964ರ ಆಗಸ್ಟ್‌ನಲ್ಲಿ ಬಂತು, ಅದರಡಿ ರೂಪುಗೊಂಡ ಪಟ್ಟಿ 1967ರ ಮಾದರಿಗಳಿಗೆ ಅನ್ವಯವಾಗುವಂಥದ್ದಾಗಿತ್ತು, ಮತ್ತು ಆ ಪಟ್ಟಿಯಲ್ಲಿ ಗೇರ್ ಅಕ್ಷರಗಳ ಕ್ರಮ ಎಲ್ಲ ಕಾರುಗಳಲ್ಲೂ ಒಂದೇ ಆಗಿರಬೇಕೆಂಬ ಅಂಶವಿತ್ತು. ಎಲ್ಲ ಖಾಸಗಿ ಕಾರುಗಳಿಗೂ ಅನ್ವಯಿಸುವ 102ನೇ ಸಂಖ್ಯೆಯ ಕೇಂದ್ರ ಸುರಕ್ಷತಾ ಮಾನದಂಡ ಜಾರಿಗೆ ಬಂದದ್ದು 1968ರ ಜನವರಿ 1ರಿಂದ. ಅದು ಹೇಳುವುದು ಮುಖ್ಯವಾಗಿ ಮೂರು ಸಂಗತಿಗಳನ್ನು: ಮುಂದಕ್ಕೆ ಹೋಗುವ ಮತ್ತು ಹಿಂದಕ್ಕೆ ಹೋಗುವ ಸ್ಥಾನಗಳ ನಡುವೆ ನ್ಯೂಟ್ರಲ್ ಇರಬೇಕು, ಅವೆರಡು ಸ್ಥಾನಗಳಲ್ಲಿ ಎಂಜಿನ್ ಸ್ಟಾರ್ಟ್ ಆಗಬಾರದು, ಕಡಿಮೆ ವೇಗದಲ್ಲಿ ಎಂಜಿನ್ನೇ ಕಾರನ್ನು ಹಿಡಿದು ನಿಧಾನಗೊಳಿಸುವಂಥ ಒಂದು ಗೇರ್ ಸ್ಥಾನ ಇರಬೇಕು. ಬಟನ್ ಕೂಡದು ಎಂಬ ಮಾತು ಅದರಲ್ಲಿಲ್ಲ. ಕ್ರೈಸ್ಲರ್ ಸಾಲಿನಲ್ಲಿ ಆರ್ ಮತ್ತು ಡಿ ನಡುವೆ ಎನ್ ಮೊದಲಿನಿಂದಲೂ ಇತ್ತು ಎಂಬುದನ್ನು ನೆನೆದರೆ, ಈ ನಿಯಮಕ್ಕೆ ಹೆಚ್ಚು ಅಂಜಬೇಕಾದವರು ಬೇರೆಯೇ ಇದ್ದರು ಎಂಬುದು ತಿಳಿಯುತ್ತದೆ.

ಬೇರೆಯವರೆಂದರೆ ಜನರಲ್ ಮೋಟಾರ್ಸ್. ಅದರ ಅನೇಕ ಕಾರುಗಳಲ್ಲಿ ಗೇರ್ ಕ್ರಮ ಪಿ, ಎನ್, ಡಿ, ಎಲ್, ಆರ್ ಎಂದಿತ್ತು, ಅಂದರೆ ನಿಧಾನವಾಗಿ ಮುಂದೆ ಸಾಗುವ ಲೋ ಗೇರಿಗೆ ಅಂಟಿಕೊಂಡೇ ರಿವರ್ಸ್ ಇತ್ತು. ಘಟ್ಟ ಇಳಿಯುವಾಗ ಲೋ ಗೇರಿಗೆಂದು ಎಳೆದ ಲಿವರ್ ಇನ್ನೂ ಒಂದು ಮೆಟ್ಟಿಲು ಜಾರಿದರೆ ರಿವರ್ಸ್. ಬೇರೆ ಕಂಪನಿಯ ಕಾರು ಓಡಿಸಿ ಬಂದವನಿಗಂತೂ ಕೈಯ ಅಭ್ಯಾಸವೇ ಶತ್ರು. ಗ್ರಾಹಕರ ಪರ ಹೋರಾಟಗಾರ ರಾಲ್ಫ್ ನಾಡರ್ ಅವರು 1965ರಲ್ಲಿ ಕಾರು ಕಂಪನಿಗಳನ್ನು ತರಾಟೆಗೆ ತೆಗೆದುಕೊಂಡಾಗ ಈ ಗೇರ್ ಕ್ರಮದ ಗೊಂದಲವೂ ಅವರ ದೂರುಗಳಲ್ಲಿ ಒಂದಾಗಿತ್ತು. ಇದೆಲ್ಲ ಲಿವರಿನ ಕಾರುಗಳ ಕಥೆ ಎಂಬುದನ್ನು ಗಮನಿಸಬೇಕು. ಕ್ರೈಸ್ಲರ್ ಬಟನ್ ಬಿಟ್ಟದ್ದು ಬದಲಾಗುತ್ತಿದ್ದ ಗಾಳಿಯನ್ನು ಗ್ರಹಿಸಿ, ಉಳಿದವರ ಕಾರಿನಿಂದ ಬರುವ ಗಿರಾಕಿಗೆ ತನ್ನ ಕಾರು ಅಪರಿಚಿತ ಅನಿಸದಿರಲಿ ಎಂದು, ಎಂದೇ ನನಗೆ ಅನಿಸುತ್ತದೆ. 1965ರ ಕ್ರೈಸ್ಲರ್ ಲಿವರಿನ ಕೆಳಗೆ ಒಳಗೆ ಕೆಲಸ ಮಾಡುತ್ತಿದ್ದದ್ದು ಅದೇ ಹಳೆಯ ಕೇಬಲ್ ವ್ಯವಸ್ಥೆ ಎಂಬುದು ಈ ಊಹೆಗೆ ಪುಷ್ಟಿ ಕೊಡುತ್ತದೆ. ಬದಲಾದದ್ದು ಕೈಗೆ ಸಿಗುವ ಹಿಡಿ ಮಾತ್ರ.

ಕ್ರಮ ಒಂದೇ ಆದ ಮೇಲೆ ಲಿವರ್ ಸುರಕ್ಷಿತವಾಯಿತೇ ಎಂದರೆ, ಅದೂ ಇಲ್ಲ. ಫೋರ್ಡ್ ಕಂಪನಿಯ 1966ರಿಂದ 1980ರವರೆಗಿನ ಆಟೊಮ್ಯಾಟಿಕ್ ಕಾರುಗಳಲ್ಲಿ ಲಿವರ್ ಪಿಯಲ್ಲಿ ಕೂತಂತೆ ಕಂಡರೂ ಪೂರ್ತಿ ಕೂರದೆ, ಪಿ ಮತ್ತು ಆರ್ ನಡುವಿನ ಅಂಚಿನಲ್ಲಿ ನಿಂತಿರುತ್ತಿತ್ತು ಎಂಬ ದೂರುಗಳು ರಾಶಿಯಾಗಿ ಬಂದವು. ಚಾಲಕ ಎಂಜಿನ್ ಆರಿಸದೆ ಗೇಟು ತೆಗೆಯಲೆಂದೋ ಡಿಕ್ಕಿಯಿಂದ ಸಾಮಾನು ಎತ್ತಲೆಂದೋ ಇಳಿದಿರುವಾಗ ಎಂಜಿನ್ನಿನ ನಡುಕಕ್ಕೆ ಲಿವರ್ ರಿವರ್ಸಿಗೆ ಜಾರಿ, ಕಾರು ತಾನಾಗಿ ಹಿಂದಕ್ಕೆ ಹೊರಡುತ್ತಿತ್ತು. ಅಮೆರಿಕದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತ ಇದನ್ನು ದೋಷವೆಂದು 1980ರಲ್ಲಿ ಪ್ರಾಥಮಿಕವಾಗಿ ತೀರ್ಮಾನಿಸಿತು. ಸುಮಾರು 2.3 ಕೋಟಿ ವಾಹನಗಳ ಪ್ರಶ್ನೆ ಅದು. ಕೊನೆಗೆ ಆದ ಒಪ್ಪಂದದಲ್ಲಿ ಕಾರುಗಳನ್ನು ವಾಪಸು ಕರೆಯಲಿಲ್ಲ. ಲಿವರನ್ನು ಪಿಯಲ್ಲಿ ಸರಿಯಾಗಿ ಕೂರಿಸಿ, ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಆರಿಸಿ ಇಳಿಯಿರಿ ಎಂದು ನೆನಪಿಸುವ ಸ್ಟಿಕ್ಕರುಗಳನ್ನು ಮಾಲೀಕರಿಗೆ ಅಂಚೆಯಲ್ಲಿ ಕಳುಹಿಸಲಾಯಿತು. ಡ್ಯಾಶ್‌ಬೋರ್ಡಿಗೆ ಅಂಟಿಸಿಕೊಳ್ಳಲು.

ಮುಂದಿನ ಮೂರು ದಶಕಗಳಲ್ಲಿ ಗೇರಿನ ಸುತ್ತ ಒಂದರ ಮೇಲೊಂದು ಕಾವಲು ಬಂದವು. ಆಡಿ 5000 ಕಾರು ತಾನಾಗಿ ನುಗ್ಗುತ್ತದೆ ಎಂಬ ಗದ್ದಲ 1986ರ ಸುಮಾರಿಗೆ ಎದ್ದು, 1989ರ ಸರ್ಕಾರಿ ವರದಿ ಬಹುಪಾಲು ಪ್ರಕರಣಗಳಲ್ಲಿ ಚಾಲಕರು ಬ್ರೇಕೆಂದು ಆಕ್ಸಿಲರೇಟರ್ ಒತ್ತಿದ್ದೇ ಕಾರಣವೆಂದು ಹೇಳುವ ಹೊತ್ತಿಗೆ, ಬ್ರೇಕ್ ಒತ್ತದೆ ಪಿಯಿಂದ ಲಿವರ್ ಕದಲದಂತೆ ಮಾಡುವ ಬೀಗ ಬಳಕೆಗೆ ಬಂದಾಗಿತ್ತು. ಪಿಗೆ ಹಾಕದ ಹೊರತು ಕೀಲಿ ಹೊರಬರುವುದಿಲ್ಲ ಎಂಬ ಇನ್ನೊಂದು ಬೀಗವೂ ಇತ್ತು. ಬ್ರೇಕಿನ ಬೀಗವನ್ನು 2010ರ ಸೆಪ್ಟೆಂಬರಿನಿಂದ ತಯಾರಾಗುವ ಎಲ್ಲ ಕಾರುಗಳಿಗೂ ಅಮೆರಿಕ ಕಡ್ಡಾಯ ಮಾಡಿತು, ಮುಖ್ಯವಾಗಿ ಮಕ್ಕಳು ಆಟವಾಡುತ್ತ ಗೇರ್ ಕದಲಿಸಿ ಆಗುತ್ತಿದ್ದ ಅನಾಹುತಗಳನ್ನು ತಡೆಯಲೆಂದು. ಈ ಎರಡೂ ಬೀಗಗಳ ಜಾಣತನವಿದ್ದದ್ದು ಒಂದು ಸರಪಳಿಯಲ್ಲಿ: ಮನೆಯೊಳಗೆ ಹೋಗಲು ಕೀಲಿಗೊಂಚಲು ಬೇಕು, ಕೀಲಿ ಹೊರಬರಲು ಪಿ ಬೇಕು, ಹಾಗಾಗಿ ಚಾಲಕ ಮರೆತರೂ ಕೀಲಿ ಮರೆಯಲು ಬಿಡುತ್ತಿರಲಿಲ್ಲ. ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡೇ ಬಟನ್ ಒತ್ತಿ ಎಂಜಿನ್ ಚಾಲೂ ಮಾಡುವ ಕಾರುಗಳು ಬಂದಾಗ ಆ ಸರಪಳಿಯ ಒಂದು ಕೊಂಡಿ ಸದ್ದಿಲ್ಲದೆ ಕಳಚಿತು. ಹೆಚ್ಚಿನವರಿಗೆ ಅದು ಗೊತ್ತಾಗಲಿಲ್ಲ.

ಅದೇ ಹೊತ್ತಿಗೆ ಕೇಬಲ್ ಕೂಡ ಮಾಯವಾಯಿತು. ಈಗಿನ ಗೇರ್‌ಬಾಕ್ಸಿಗೆ ಲಿವರಿನಿಂದ ಹೋಗುವುದು ವಿದ್ಯುತ್ ಸಂಕೇತ ಮಾತ್ರ. ಸಂಕೇತ ಕಳುಹಿಸಲು ಲಿವರ್ ಇಂಥ ಜಾಗದಲ್ಲೇ ನಿಲ್ಲಬೇಕೆಂಬ ನಿರ್ಬಂಧವಿಲ್ಲವಾದ್ದರಿಂದ, ವಿನ್ಯಾಸಕಾರರು ಲಿವರನ್ನು ಕಂಪ್ಯೂಟರ್ ಮೌಸಿನ ಗುಂಡಿಯಂತೆ ಮಾಡಿದರು: ತಳ್ಳಿದರೆ ಸಂಕೇತ ಹೋಗುತ್ತದೆ, ಬಿಟ್ಟರೆ ಲಿವರ್ ನಡುವಿಗೆ ಮರಳುತ್ತದೆ. ಫಿಯಟ್ ಕ್ರೈಸ್ಲರ್ ಕಂಪನಿಯ 2014 ಮತ್ತು 2015ರ ಮಾದರಿಯ ಜೀಪ್ ಗ್ರ್ಯಾಂಡ್ ಚೆರೋಕಿ, 2012ರಿಂದ 2014ರವರೆಗಿನ ಡಾಜ್ ಚಾರ್ಜರ್ ಮತ್ತು ಕ್ರೈಸ್ಲರ್ 300 ಕಾರುಗಳಲ್ಲಿ ಇದ್ದದ್ದು ಈ ಬಗೆಯ ಲಿವರ್. ನೋಡಲು ಹಳೆಯ ಲಿವರಿನಂತೆಯೇ ಇತ್ತು, ಅಕ್ಷರಗಳ ಕ್ರಮವೂ ಅದೇ. ಆದರೆ ಆರ್‌ನಿಂದ ಪಿಗೆಂದು ಮುಂದೂಡಿದಾಗ ಸಾಕಷ್ಟು ದೂರ ಹೋಯಿತೇ ಇಲ್ಲವೇ ಎಂಬುದು ಕೈಗೆ ತಿಳಿಯುತ್ತಿರಲಿಲ್ಲ, ಏಕೆಂದರೆ ಪಿಯಾಗಲಿ ಎನ್ ಆಗಲಿ ಆರ್ ಆಗಲಿ, ಲಿವರ್ ಕೊನೆಗೆ ನಿಲ್ಲುವ ಜಾಗ ಒಂದೇ. ಪಿಗೆ ಹಾಕಿದ್ದೇನೆಂದು ನಂಬಿ ಇಳಿದವರ ಹಿಂದೆಯೇ ಕಾರು ಉರುಳಿತು. 2016ರ ಏಪ್ರಿಲ್‌ನಲ್ಲಿ ಜಗತ್ತಿನಾದ್ಯಂತ ಸುಮಾರು 11 ಲಕ್ಷ ಕಾರುಗಳನ್ನು ವಾಪಸು ಕರೆದಾಗ, ಈ ಕಾರಣಕ್ಕೆ ಸಂಬಂಧಿಸಿರಬಹುದಾದ 41 ಗಾಯದ ಪ್ರಕರಣಗಳನ್ನು ಕಂಪನಿಯೇ ಉಲ್ಲೇಖಿಸಿತ್ತು. ಅದೇ ಜೂನ್ 19ರಂದು ಲಾಸ್ ಏಂಜಲೀಸ್‌ನಲ್ಲಿ ನಟ ಆಂಟನ್ ಯೆಲ್ಚಿನ್ ತಮ್ಮ ಮನೆಯ ಇಳಿಜಾರು ದಾರಿಯಲ್ಲಿ ಹಿಂದಕ್ಕೆ ಉರುಳಿ ಬಂದ ಸ್ವಂತ ಗ್ರ್ಯಾಂಡ್ ಚೆರೋಕಿ ಮತ್ತು ಗೇಟಿನ ಕಂಬದ ನಡುವೆ ಸಿಕ್ಕಿ ತೀರಿಕೊಂಡರು. ಆ ಕಾರು ವಾಪಸು ಕರೆದ ಪಟ್ಟಿಗೆ ಸೇರಿದ್ದೇ ಆಗಿತ್ತು.

ಇಲ್ಲಿ ಒಂದು ವೈಚಿತ್ರ್ಯವಿದೆ. ಅಪಾಯಕಾರಿ ಎಂದು ನಾವು ನಂಬಿಕೊಂಡು ಬಂದ 1956ರ ಕ್ರೈಸ್ಲರ್ ಬಟನ್ ಒತ್ತಿದ ಮೇಲೆ ಒತ್ತಿದಂತೆಯೇ ಇರುತ್ತಿತ್ತು, ಕಾರಿನ ಸ್ಥಿತಿಯನ್ನು ತನ್ನ ಮೈಯಲ್ಲೇ ಹೊತ್ತಿರುತ್ತಿತ್ತು. ಸುರಕ್ಷಿತವೆಂದು ನಂಬಿದ ಲಿವರಿನ ರೂಪದಲ್ಲೇ ಬಂದ, ಅದೇ ಮನೆತನದ 2012ರ ಸಾಧನ ಏನನ್ನೂ ಹೇಳದೆ ನಡುವಿಗೆ ಮರಳುತ್ತಿತ್ತು. ಬಟನ್ನೋ ಲಿವರೋ ಎಂಬುದು ಹಾಗಾಗಿ ನನ್ನ ದೃಷ್ಟಿಯಲ್ಲಿ ತಪ್ಪು ಪ್ರಶ್ನೆ. ಕೇಳಬೇಕಾದದ್ದು ಎರಡು. ಕಣ್ಣು ಬೇರೆಡೆ ಇರುವಾಗ ಗಾಡಿ ಯಾವ ಗೇರಿನಲ್ಲಿದೆ ಎಂಬುದು ಕೈಗೆ ತಿಳಿಯುತ್ತದೆಯೇ? ಚಾಲಕ ಮರೆತು ಇಳಿದರೆ ಗಾಡಿ ತನ್ನನ್ನು ತಾನು ಹಿಡಿದುಕೊಳ್ಳುತ್ತದೆಯೇ? ಹಳೆಯ ಕ್ರೈಸ್ಲರ್ ಮೊದಲನೆಯದರಲ್ಲಿ ಗೆದ್ದು ಎರಡನೆಯದರಲ್ಲಿ ಸೋತಿತ್ತು. ಯೆಲ್ಚಿನ್ ಅವರ ಕಾರು ಎರಡರಲ್ಲೂ ಸೋತಿತು. ಕಂಪನಿ ಆಮೇಲೆ ಕೊಟ್ಟ ಪರಿಹಾರವೂ ಲಿವರ್ ಬದಲಿಸುವುದಾಗಿರಲಿಲ್ಲ, ಚಾಲಕ ಬಾಗಿಲು ತೆರೆದು ಇಳಿಯುವ ಸೂಚನೆ ಕಂಡರೆ ಗೇರ್‌ಬಾಕ್ಸ್ ತಾನಾಗಿ ಪಾರ್ಕಿಗೆ ಹೋಗುವಂತೆ ಮಾಡುವ ತಂತ್ರಾಂಶವಾಗಿತ್ತು.

ಈಗ ಮರಳಿ ಬಂದಿರುವ ಬಟನ್ ಗೇರುಗಳನ್ನು ಇದೇ ಒರೆಗೆ ಹಚ್ಚಿ ನೋಡಬಹುದು. ಹೋಂಡಾ ಕಂಪನಿಯ ಬಟನ್ ಸಾಲಿನಲ್ಲಿ ಡಿಯನ್ನು ಒತ್ತಬೇಕು, ಆದರೆ ಆರ್ ಒತ್ತುವ ಬಟನ್ ಅಲ್ಲ, ಬೆರಳ ತುದಿಯಿಂದ ಹಿಂದಕ್ಕೆ ಎಳೆಯುವ ಸ್ವಿಚ್. ಜನರಲ್ ಮೋಟಾರ್ಸ್‌ನ 2018ರ ಟೆರೇನ್ ಮತ್ತು 2020ರ ಕಾರ್ವೆಟ್‌ಗಳಲ್ಲಿ ಗಾಡಿಯನ್ನು ಚಲನೆಗೆ ತರುವ ಆರ್ ಮತ್ತು ಡಿ ಎರಡನ್ನೂ ಎಳೆಯಬೇಕು, ಪಿ ಮತ್ತು ಎನ್ ಮಾತ್ರ ಒತ್ತಬೇಕು. ಒತ್ತುವುದು ಆಕಸ್ಮಿಕವಾಗಿ ಆಗಬಹುದು, ಎಳೆಯುವುದು ಅಷ್ಟು ಸುಲಭವಾಗಿ ಆಗದು. ಎಡ್ಸೆಲ್‌ನ ಅಂಗೈ ಪೆಟ್ಟಿನ ಪಾಠ ಇಲ್ಲಿ ಕಲಿತಂತೆ ಕಾಣುತ್ತದೆ. ಕಲಿಯದವರೂ ಇದ್ದಾರೆ: ಲಿಂಕನ್ ಕಂಪನಿಯ 2015ರ ಎಂಕೆಸಿ ಕಾರಿನಲ್ಲಿ ಗೇರ್ ಬಟನ್‌ಗಳ ಸಾಲಿನ ಕೆಳತುದಿಯಲ್ಲಿ ಎಂಜಿನ್ ಆರಿಸುವ ಬಟನ್ ಇತ್ತು, ಓಡಿಸುತ್ತಿರುವಾಗಲೇ ಚಾಲಕರ ಕೈತಾಗಿ ಎಂಜಿನ್ ನಿಲ್ಲುತ್ತಿದ್ದುದರಿಂದ 13 ಸಾವಿರಕ್ಕೂ ಹೆಚ್ಚು ಕಾರುಗಳನ್ನು ವಾಪಸು ಕರೆದು ಆ ಬಟನ್ನನ್ನು ಸಾಲಿನ ಮೇಲ್ತುದಿಗೆ ಸ್ಥಳಾಂತರಿಸಬೇಕಾಯಿತು. ಲಿಂಕನ್ ಫೋರ್ಡಿನದೇ ಬ್ರ್ಯಾಂಡ್. ಎಡ್ಸೆಲ್ ಕೂಡ ಫೋರ್ಡಿನದೇ ಆಗಿತ್ತು. ಟೆಸ್ಲಾ ಇನ್ನೂ ಮುಂದೆ ಹೋಗಿ ಗೇರನ್ನು ಪರದೆಯ ಮೇಲಿನ ಚಿತ್ರಕ್ಕಿಳಿಸಿದೆ. 2025ರಲ್ಲಿ ಭಾರತಕ್ಕೆ ಬಂದ ಮಾಡೆಲ್ ವೈ ಕಾರಿನಲ್ಲೂ ಗೇರ್ ಬದಲಿಸುವುದು ಪರದೆಯನ್ನು ಬೆರಳಿನಿಂದ ಸವರಿ. ಕೈಗೆ ತಿಳಿಯುವ ಪ್ರಶ್ನೆ ಅಲ್ಲಿಗೆ ಮುಗಿಯಿತು. ಉಳಿದದ್ದೆಲ್ಲ ಗಾಡಿ ತನ್ನನ್ನು ತಾನು ಹಿಡಿದುಕೊಳ್ಳುವ ತಂತ್ರಾಂಶದ ಮೇಲೆ.

ಹಳೆಯ ಬಟನ್ ಕಾರುಗಳನ್ನು ಇಂದಿಗೂ ಇಟ್ಟುಕೊಂಡು ಓಡಿಸುವವರ ಕಷ್ಟ ಬೇರೆ ಬಗೆಯದು. ಕೇಬಲ್ ಅರವತ್ತು ವರ್ಷದ ಉಕ್ಕು. ಒಳಗೆ ತುಕ್ಕು ಹಿಡಿದರೆ ಬಟನ್ ಪೂರ್ತಿ ಒಳಗೆ ಹೋದರೂ ವಾಲ್ವ್ ಪೂರ್ತಿ ಜರುಗದೆ ಇರಬಹುದು. ಆಗ ಬಟನ್ನಿನ ಸಾಕ್ಷಿಯೂ ಸುಳ್ಳಾಗುತ್ತದೆ. ಕೇಬಲ್ಲಿನ ಅಳತೆಯನ್ನು ಆಗಾಗ ಸರಿಮಾಡಿಸುವುದು, ನ್ಯೂಟ್ರಲ್ ಬಿಟ್ಟು ಬೇರೆ ಗೇರಿನಲ್ಲಿ ಎಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ಸ್ವಿಚ್ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸುವುದು, ಪಾರ್ಕ್ ಇಲ್ಲದ ಮಾದರಿಯಾದರೆ ಟೈರಿಗೆ ಅಡ್ಡ ಕೊಡುವುದು ಇವು ಶೋಕಿಯ ಮಾತಲ್ಲ. ಮಿಷಿಗನ್‌ನ ಆ ಹಿರಿಯರು ನನ್ನನ್ನು ಕೂರಿಸುವ ಮುಂಚೆ ಸೀಟಿನ ಕೆಳಗಿನಿಂದ ಮರದ ಎರಡು ತುಂಡು ತೆಗೆದು, ಸಮತಟ್ಟಾದ ಹುಲ್ಲಿನ ಮೇಲೆಯೇ, ಹಿಂದಿನ ಟೈರಿನ ಎರಡೂ ಬದಿಗೆ ಸಿಕ್ಕಿಸಿದ್ದರು. ಚಾರ್ಮಾಡಿಯಲ್ಲಿ ಕೆಟ್ಟು ನಿಂತ ಲಾರಿಯಿಂದ ಕ್ಲೀನರ್ ಕಲ್ಲು ಹಿಡಿದು ಜಿಗಿಯುವುದನ್ನು ಕಂಡು ಬೆಳೆದವನಿಗೆ ಅದರ ವಿವರಣೆ ಬೇಕಾಗಲಿಲ್ಲ.

ನಮ್ಮ ಕಡೆಗೆ ಈ ಚರ್ಚೆ ದೂರದ್ದೆಂದು ತೋರಬಹುದು. ಆದರೆ ಬೆಂಗಳೂರಿನ ಬೊಮ್ಮಸಂದ್ರದಲ್ಲಿ ತಯಾರಾದ ರೇವಾ ಕಾರಿನಲ್ಲಿ ಗೇರ್ ಲಿವರ್ ಇರಲಿಲ್ಲ, ತಿರುಗಿಸುವ ಗುಂಡಿ ಇತ್ತು; 2019ರಲ್ಲಿ ಭಾರತಕ್ಕೆ ಬಂದ ಹ್ಯುಂಡೈ ಕೋನಾ ಎಲೆಕ್ಟ್ರಿಕ್‌ನಲ್ಲಿ ನಾಲ್ಕು ಬಟನ್‌ಗಳಿದ್ದವು. ಇವುಗಳಿಗಿಂತ ಎಷ್ಟೋ ಹೆಚ್ಚು ಸಂಖ್ಯೆಯಲ್ಲಿರುವುದು 2014ರಲ್ಲಿ ಮಾರುತಿ ಸೆಲೆರಿಯೊ ಜನಪ್ರಿಯಗೊಳಿಸಿದ ಎ.ಎಂ.ಟಿ. ಕಾರುಗಳು. ಅವು ಒಳಗೆ ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸ್; ಕ್ಲಚ್ ಒತ್ತುವುದನ್ನೂ ಗೇರ್ ಬದಲಿಸುವುದನ್ನೂ ಕಾಲು ಮತ್ತು ಕೈ ಬದಲು ಯಂತ್ರ ಮಾಡುತ್ತದೆ ಅಷ್ಟೆ. ಪಾರ್ಕಿನ ಹಲ್ಲು ಚಕ್ರ, ಕೊಕ್ಕೆ ಅದರಲ್ಲಿಲ್ಲ. ಹಾಗಾಗಿ ಅವುಗಳಲ್ಲಿ ಹೆಚ್ಚಿನವಕ್ಕೆ ಪಿ ಸ್ಥಾನವೇ ಇಲ್ಲ, ಎಪ್ಪತ್ತು ವರ್ಷ ಹಿಂದಿನ ಕ್ರೈಸ್ಲರ್ ಬಟನ್ ಸಾಲಿನಂತೆಯೇ. ಎಂಜಿನ್ ಆರಿಸುವಾಗ ಗೇರ್ ಡಿಯಲ್ಲೋ ಆರ್‌ನಲ್ಲೋ ಇದ್ದರೆ ಕ್ಲಚ್ ಕೂಡಿಕೊಂಡು ಎಂಜಿನ್ ಗಾಡಿಯನ್ನು ಹಿಡಿಯುತ್ತದೆ. ಎನ್‌ನಲ್ಲಿದ್ದರೆ ಹ್ಯಾಂಡ್ ಬ್ರೇಕ್ ಬಿಟ್ಟರೆ ಬೇರೆ ಗತಿಯಿಲ್ಲ. ಮ್ಯಾನುಯಲ್ ಕಾರಿನಲ್ಲಿ ಕಲಿತವರು ಇಳಿಜಾರಿನಲ್ಲಿ ಗೇರ್ ಹಾಕಿ ಬಿಡುತ್ತಿದ್ದರು. ಆಟೊಮ್ಯಾಟಿಕ್ ಎಂದ ಕೂಡಲೇ ಆ ಅಭ್ಯಾಸ ಬೇಡವೆಂದು ಅನಿಸಿಬಿಡುತ್ತದೆ, ಅದರ ಜಾಗದಲ್ಲಿ ಬರಬೇಕಾಗಿದ್ದ ಪಿ ಮಾತ್ರ ಬಂದಿಲ್ಲ.

ಕಳೆದ ಮಳೆಗಾಲದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಇಳಿಯುವ ರ‍್ಯಾಂಪಿನ ಮೇಲೆ ಇಂಥದೇ ಒಂದು ಕಾರು ನಿಂತಿತ್ತು. ನೆರೆಮನೆಯವರು ಎನ್‌ಗೆ ಹಾಕಿ, ಎಂಜಿನ್ ಆರಿಸಿ, ಹಿಂದಿನ ಸೀಟಿನಿಂದ ಅಕ್ಕಿ ಚೀಲ ಇಳಿಸುತ್ತಿದ್ದರು. ಕಾರು ಯಾವ ಸದ್ದೂ ಇಲ್ಲದೆ ಜರುಗಿತು. ವಾಚ್‌ಮನ್ ಕೂಗಿದ್ದರಿಂದ ಅವರು ಬದಿಗೆ ಸರಿದರು, ಗೋಡೆಗೆ ಬಂಪರ್ ತಾಗಿ ನಿಂತಿತು, ಅಷ್ಟಕ್ಕೇ ಮುಗಿಯಿತು. "ಆಟೊಮ್ಯಾಟಿಕ್ ಅಲ್ವೇ ಸಾರ್, ಆಫ್ ಮಾಡಿದ್ರೆ ನಿಲ್ಲಬೇಕಲ್ಲ?" ಎಂದು ಅವರು ಎರಡೆರಡು ಸಲ ಕೇಳಿದರು. ಮರುದಿನ ಸಂಘದವರು ರ‍್ಯಾಂಪಿನ ಗೋಡೆಗೆ ಒಂದು ಹಾಳೆ ಅಂಟಿಸಿದರು: ಹ್ಯಾಂಡ್ ಬ್ರೇಕ್ ಎಳೆಯಿರಿ, ಗೇರಿನಲ್ಲಿಟ್ಟು ಎಂಜಿನ್ ಆರಿಸಿ, ಆಮೇಲೆ ಇಳಿಯಿರಿ. ಹಿಂದೆ ಫೋರ್ಡ್ ಅಂಚೆಯಲ್ಲಿ ಕಳುಹಿಸಿದ ಸ್ಟಿಕ್ಕರಿನ ಒಕ್ಕಣೆಗೂ ಇದಕ್ಕೂ ಹೆಚ್ಚೇನೂ ವ್ಯತ್ಯಾಸವಿರಲಿಲ್ಲ. ಈಗ ಆ ಹಾಳೆಯ ಮೇಲೆ ನೀರಿನ ಟ್ಯಾಂಕರ್ ಬರುವ ವೇಳಾಪಟ್ಟಿ ಅಂಟಿಸಿದ್ದಾರೆ.